ಎಣಿಸದೆ ಸುಟ್ಟ ಮತಗಳು: 1792ರ ನ್ಯೂಯಾರ್ಕ್ ಗವರ್ನರ್ ಚುನಾವಣೆ

ಪ್ರಶ್ನೆ: ಅಮೆರಿಕದ ಹಳೆಯ ಚುನಾವಣೆಗಳ ಬಗ್ಗೆ ಓದುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು. 1792ರಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಸ್ಥಾನಕ್ಕೆ ನಿಂತಿದ್ದ ಜಾನ್ ಜೇ ಅವರಿಗೇ ಜಾಸ್ತಿ ಓಟು ಬಿದ್ದಿತ್ತಂತೆ. ಆದರೂ ಗೆದ್ದದ್ದು ಜಾರ್ಜ್ ಕ್ಲಿಂಟನ್. ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಮತಗಳನ್ನು ಎಣಿಸದೆ ಸುಟ್ಟುಬಿಟ್ಟರಂತೆ. ಇದು ನಿಜವಾ? ಹಾಗೆ ಮಾಡೋದಕ್ಕೆ ಕಾನೂನಿನಲ್ಲಿ ಅವಕಾಶ ಇತ್ತಾ? ಜೇ ಯಾಕೆ ಕೋರ್ಟಿಗೆ ಹೋಗಲಿಲ್ಲ?

ಉತ್ತರ: ನಿಜ. ಮೂರು ಕೌಂಟಿಗಳ ಮತಗಳನ್ನು ಎಣಿಸಲಿಲ್ಲ, ಸುಟ್ಟದ್ದೂ ಹೌದು. ಕ್ಲಿಂಟನ್ ಅವರಿಗೆ 8,440 ಮತ, ಜೇ ಅವರಿಗೆ 8,332 ಮತ ಎಂದು ಘೋಷಣೆಯಾಯಿತು. ಅಂತರ ಬರೀ 108. ಬಿಟ್ಟುಹೋದ ಮೂರು ಕೌಂಟಿಗಳಲ್ಲಿ ಆಟ್ಸಿಗೋ ಒಂದರಲ್ಲೇ ಜೇ ಸುಮಾರು 400 ಮತಗಳಿಂದ ಮುಂದಿದ್ದರು ಎಂಬುದು ಆಗಿನವರ ಅಂದಾಜು. ಆದರೆ ಚೀಟಿಗಳೇ ಉಳಿದಿಲ್ಲ, ಹಾಗಾಗಿ ಅದು ಅಂದಾಜಾಗಿಯೇ ಉಳಿಯಿತು.

ಮೊದಲು ಒಂದು ಮಾತು. ಗವರ್ನರ್ ಅಂದ ಕೂಡಲೇ ನಮಗೆ ರಾಜಭವನ ನೆನಪಾಗುತ್ತದೆ. ಅಲ್ಲಿನ ಗವರ್ನರ್ ಹಾಗಲ್ಲ. ಜನ ನೇರವಾಗಿ ಆರಿಸುವ, ರಾಜ್ಯದ ಆಡಳಿತ ನಡೆಸುವ ಮನುಷ್ಯ. ನಮ್ಮಲ್ಲಿ ಮುಖ್ಯಮಂತ್ರಿಗೆ ಇರುವ ಅಧಿಕಾರದ ಹತ್ತಿರಕ್ಕೆ ಬರುತ್ತದೆ. ಕಾಲ ಯಾವುದು ಅಂತ ಮನಸ್ಸಿಗೆ ಬರಬೇಕಾದರೆ ಶ್ರೀರಂಗಪಟ್ಟಣ ನೆನಪಿಸಿಕೊಳ್ಳಿ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸ್, 1792ರ ಮಾರ್ಚ್‌ನಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. ಅದರ ಮುಂದಿನ ತಿಂಗಳು ನ್ಯೂಯಾರ್ಕ್‌ನಲ್ಲಿ ಈ ಚುನಾವಣೆ.

ಕ್ಲಿಂಟನ್ 1777ರಿಂದ, ಅಂದರೆ ರಾಜ್ಯ ಹುಟ್ಟಿದ ದಿನದಿಂದ, ಗವರ್ನರ್. ಮೂರು ವರ್ಷಕ್ಕೊಮ್ಮೆ ಚುನಾವಣೆ, ಪ್ರತಿ ಸಲವೂ ಅವರೇ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ರಾಜ್ಯವನ್ನು ಹಿಡಿದು ನಿಲ್ಲಿಸಿದವರು. ಹಳೆಯ ಜಮೀನ್ದಾರಿ ಮನೆತನಗಳಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ, ಸಣ್ಣ ರೈತರಿಗೆ ಮಾತ್ರ ನಮ್ಮವರು ಅನ್ನಿಸುತ್ತಿದ್ದರು. ಆದರೆ 1789ರ ಹೊತ್ತಿಗೆ ಆ ಹಿಡಿತ ಸಡಿಲವಾಗಿತ್ತು. ಆ ವರ್ಷ ರಾಬರ್ಟ್ ಯೇಟ್ಸ್ ಎದುರು ಅವರು ಗೆದ್ದದ್ದು 429 ಮತಗಳಿಂದ. ಇನ್ನೊಂದು ತಳ್ಳು ಸಾಕು ಅಂತ ಕ್ಲಿಂಟನ್ ವಿರೋಧಿಗಳಾದ ಫೆಡರಲಿಸ್ಟ್ ಪಕ್ಷದವರಿಗೆ ಅನ್ನಿಸಿತು. 1792ರಲ್ಲಿ ತಮ್ಮ ಕೈಯಲ್ಲಿದ್ದ ಅತಿ ದೊಡ್ಡ ಹೆಸರನ್ನೇ ನಿಲ್ಲಿಸಿದರು. ಜಾನ್ ಜೇ ಆಗ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ. ಆ ಹುದ್ದೆಯಲ್ಲಿ ಇದ್ದುಕೊಂಡೇ ರಾಜ್ಯದ ಚುನಾವಣೆಗೆ ನಿಂತರು. ಇವತ್ತು ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆಗ ಅದಕ್ಕೆ ತಡೆ ಇರಲಿಲ್ಲ. ಜೇ ಸ್ವತಃ ಪ್ರಚಾರಕ್ಕೆ ಹೋಗಲಿಲ್ಲ.

ಪ್ರಚಾರದಲ್ಲಿ ಎರಡು ವಿಷಯ ಬಿಸಿಯಾಗಿದ್ದವು. 1791ರಲ್ಲಿ ಕ್ಲಿಂಟನ್ ಸರ್ಕಾರದ ಭೂ ಆಯುಕ್ತರು ಅಲೆಕ್ಸಾಂಡರ್ ಮೆಕೂಂಬ್ ಎಂಬ ಒಬ್ಬನೇ ವ್ಯಾಪಾರಿಗೆ 36 ಲಕ್ಷ ಎಕರೆಗೂ ಜಾಸ್ತಿ ಸರ್ಕಾರಿ ಜಮೀನನ್ನು ಎಕರೆಗೆ ಎಂಟು ಪೆನ್ನಿಯಂತೆ ಮಾರಿದ್ದರು. ಅದನ್ನು ವಿರೋಧಿಗಳು ಬಿಡಲಿಲ್ಲ. ಇತ್ತ ಜೇ ಮೇಲೆ ಇದ್ದ ದೂರು ಗುಲಾಮರದು. ನ್ಯೂಯಾರ್ಕ್‌ನಲ್ಲಿ ಆಗ ಗುಲಾಮಗಿರಿ ಕಾನೂನುಬದ್ಧ. ಗುಲಾಮರ ಬಿಡುಗಡೆಗೆಂದು 1785ರಲ್ಲಿ ಹುಟ್ಟಿದ ಸಂಘಕ್ಕೆ ಜೇ ಮೊದಲ ಅಧ್ಯಕ್ಷರು. ಅವರ ಮನೆಯಲ್ಲೂ ಗುಲಾಮರಿದ್ದರು ಎಂಬುದನ್ನೂ ಹೇಳಿಬಿಡಬೇಕು. ಜೇ ಬಂದರೆ ನಿಮ್ಮ ಆಳುಗಳನ್ನು ಕಿತ್ತುಕೊಳ್ಳುತ್ತಾರೆ ಅಂತ ಡಚ್ ಮೂಲದ ರೈತರಲ್ಲಿ ಭಯ ಹುಟ್ಟಿಸಿದರು.

ಓಟು ಯಾರಿಗಿತ್ತು? ಗವರ್ನರ್‌ಗೆ ಮತ ಹಾಕಬೇಕಾದರೆ ಸಾಲ ಕಳೆದು ನೂರು ಪೌಂಡ್ ಬೆಲೆಬಾಳುವ ಸ್ವಂತ ಜಮೀನು ಇರಬೇಕಿತ್ತು. 1790ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 3,40,120. ಎಣಿಕೆಗೆ ಬಂದ ಮತ ಹದಿನೇಳು ಸಾವಿರಕ್ಕೂ ಕಡಿಮೆ. ಈ ನಿಯಮ 1777ರ ರಾಜ್ಯ ಸಂವಿಧಾನದ್ದು. ಅದನ್ನು ಬರೆದವರಲ್ಲಿ ಮುಖ್ಯರಾದವರು ಇದೇ ಜೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಪೆಟ್ಟಿಗೆಯ ಪ್ರಯಾಣ ನೋಡೋಣ. ಇಡೀ ಗಲಾಟೆ ಇರೋದೇ ಅದರಲ್ಲಿ.

ಏಪ್ರಿಲ್ ಕೊನೆಯ ಮಂಗಳವಾರ ಮತದಾನ ಶುರುವಾಗುತ್ತಿತ್ತು. ಒಂದೊಂದು ಊರಿನಲ್ಲೂ ಅಲ್ಲಿನ ಅಧಿಕಾರಿಗಳು ಮತ ತೆಗೆದುಕೊಂಡು, ಚೀಟಿಗಳನ್ನು ಮೊಹರು ಮಾಡಿ ಕೌಂಟಿಯ ಶೆರಿಫ್‌ಗೆ, ಅಂದರೆ ಅಲ್ಲಿ ಕಾನೂನು ಜಾರಿ ನೋಡಿಕೊಳ್ಳುವ ಮುಖ್ಯ ಅಧಿಕಾರಿಗೆ, ಒಪ್ಪಿಸಬೇಕು. ಶೆರಿಫ್ ಅವನ್ನು ಬಿಚ್ಚುವಂತಿಲ್ಲ. ಎಲ್ಲವನ್ನೂ ಒಂದು ಪೆಟ್ಟಿಗೆಗೆ ಹಾಕಿ, ಪಟ್ಟಿ ಸುತ್ತಿ, ಅರಗು ಒತ್ತಿ, ನ್ಯೂಯಾರ್ಕ್ ನಗರದಲ್ಲಿದ್ದ ರಾಜ್ಯ ಕಾರ್ಯದರ್ಶಿಗೆ ತಲುಪಿಸಬೇಕು. ತಾನೇ ತರಬಹುದು, ಇಲ್ಲವೇ ಡೆಪ್ಯುಟಿಯ ಕೈಯಲ್ಲಿ ಕಳಿಸಬಹುದು. ಎಣಿಕೆ ಊರಿನಲ್ಲಿ ನಡೆಯುತ್ತಿರಲಿಲ್ಲ. ರಾಜ್ಯದ ಎಲ್ಲ ಪೆಟ್ಟಿಗೆಗಳೂ ಒಂದೇ ಜಾಗಕ್ಕೆ ಬಂದ ಮೇಲೆ ಶಾಸಕಾಂಗದ ಎರಡೂ ಸದನಗಳಿಂದ ಆರಿಸಿದ 12 ಜನರ ಸಮಿತಿ ಬಿಚ್ಚಿ ಎಣಿಸುತ್ತಿತ್ತು.

ನಾನು ಮತಪೆಟ್ಟಿಗೆ ಇದ್ದ ಕಾಲದಲ್ಲಿ ಕೆಲವು ಸಲ ಚುನಾವಣಾ ಡ್ಯೂಟಿ ಮಾಡಿದವನು. ರಾತ್ರಿ ಹೊತ್ತು ಮೇಣದಬತ್ತಿಯ ಬೆಳಕಿನಲ್ಲಿ ಪೆಟ್ಟಿಗೆಗೆ ದಾರ ಸುತ್ತಿ ಅರಗು ಕರಗಿಸಿ ಮೊಹರು ಒತ್ತಿದ್ದೇನೆ. ಡಿ-ಮಸ್ಟರಿಂಗ್ ಕೇಂದ್ರದಲ್ಲಿ ಅದನ್ನು ಒಪ್ಪಿಸಿ ರಸೀದಿ ಕೈಗೆ ಸಿಗುವ ತನಕ ನಿದ್ದೆ ಹತ್ತುತ್ತಿರಲಿಲ್ಲ. ಪೆಟ್ಟಿಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದು ಸಣ್ಣ ವಿಷಯ ಅಲ್ಲ ಅಂತ ನನಗೆ ಗೊತ್ತು. ಅದಕ್ಕೇ ಆಟ್ಸಿಗೋ ವಿಷಯದಲ್ಲಿ ಕ್ಲಿಂಟನ್ ಕಡೆಯವರ ವಾದವನ್ನು ಸುಮ್ನೆ ತಳ್ಳಿಹಾಕೋಕೆ ನನಗೆ ಮನಸ್ಸಾಗುವುದಿಲ್ಲ.

ಆಟ್ಸಿಗೋ 1791ರಲ್ಲಷ್ಟೇ ಹುಟ್ಟಿದ ಹೊಸ ಕೌಂಟಿ. ಕಾಡು ಕಡಿದು ಊರು ಕಟ್ಟುತ್ತಿದ್ದ ಜಾಗ. ಅದರ ಶೆರಿಫ್ ರಿಚರ್ಡ್ ಆರ್. ಸ್ಮಿತ್. ಸಂವಿಧಾನದ ಪ್ರಕಾರ ಶೆರಿಫ್ ನೇಮಕ ಒಂದು ವರ್ಷಕ್ಕೆ. ಸ್ಮಿತ್ ಅವಧಿ 1792ರ ಫೆಬ್ರವರಿಯಲ್ಲಿ ಮುಗಿದಿತ್ತು. ಬೆಂಜಮಿನ್ ಗಿಲ್ಬರ್ಟ್ ಎಂಬವರನ್ನು ಮಾರ್ಚ್ ಕೊನೆಯಲ್ಲಿ ಹೊಸ ಶೆರಿಫ್ ಆಗಿ ನೇಮಿಸಿದರು. ಆದರೆ ಗಿಲ್ಬರ್ಟ್ ಚಾರ್ಜ್ ತೆಗೆದುಕೊಂಡದ್ದು ಮೇ ತಿಂಗಳಲ್ಲಿ, ಪೆಟ್ಟಿಗೆ ಹೊರಟ ಮೇಲೆ. ಈ ನಡುವಿನ ದಿನಗಳಲ್ಲಿ ಸ್ಮಿತ್ ಅವರೇ ಶೆರಿಫ್ ಕೆಲಸ ನೋಡಿಕೊಂಡರು, ಮತಗಳನ್ನು ಪಡೆದು ಡೆಪ್ಯುಟಿಯ ಮೂಲಕ ಕಳಿಸಿದರು. ಇನ್ನೂ ಒಂದು ತೊಡಕು. ಅದೇ ವಸಂತದಲ್ಲಿ ಸ್ಮಿತ್ ತಮ್ಮ ಊರಿನ ಆಡಳಿತದಲ್ಲಿ ಸೂಪರ್‌ವೈಸರ್ ಎಂಬ ಹುದ್ದೆಗೆ ಆಯ್ಕೆಯಾಗಿದ್ದರು. ಶೆರಿಫ್ ಆದವನು ಬೇರೆ ಯಾವ ಹುದ್ದೆಯನ್ನೂ ಜೊತೆಗೆ ಇಟ್ಟುಕೊಳ್ಳಬಾರದು ಎಂದು ಸಂವಿಧಾನದಲ್ಲೇ ಇತ್ತು.

ಟಿಯೋಗಾದಲ್ಲಿ ಆದದ್ದು ಕೇಳಿದರೆ ಸಂಕಟ ಆಗುತ್ತದೆ. ಶೆರಿಫ್ ಕಳಿಸಿದ ಡೆಪ್ಯುಟಿ ದಾರಿಯಲ್ಲಿ ಕಾಯಿಲೆ ಬಿದ್ದರು. ಜೊತೆಗಿದ್ದ ಗುಮಾಸ್ತನ ಕೈಗೆ ಪೆಟ್ಟಿಗೆ ಕೊಟ್ಟು ಮುಂದೆ ಕಳಿಸಿದರು. ಡೆಪ್ಯುಟಿಗೆ ಇನ್ನೊಬ್ಬ ಡೆಪ್ಯುಟಿಯನ್ನು ಮಾಡುವ ಅಧಿಕಾರ ಇಲ್ಲ ಎಂದು ಆಕ್ಷೇಪ ಬಂತು. ಇನ್ನು ಮೂರನೆಯದು ಕ್ಲಿಂಟನ್ ಕೌಂಟಿ. ಗವರ್ನರ್ ಹೆಸರನ್ನೇ ಇಟ್ಟಿದ್ದ ಕೌಂಟಿ ಅದು. ಅಲ್ಲಿ ಪೆಟ್ಟಿಗೆ ತಂದವನ ಬಳಿ ಶೆರಿಫ್ ಬರೆದುಕೊಟ್ಟ ನೇಮಕ ಪತ್ರ ಇರಲಿಲ್ಲ.

ಸಮಿತಿ ತೀರ್ಮಾನಕ್ಕೆ ಬರದೆ, ಅಮೆರಿಕದ ಸೆನೆಟ್‌ನಲ್ಲಿ ನ್ಯೂಯಾರ್ಕ್ ಪರವಾಗಿ ಕೂತಿದ್ದ ಇಬ್ಬರು ಸೆನೆಟರ್‌ಗಳ ಕಾನೂನು ಅಭಿಪ್ರಾಯ ಕೇಳಿತು. ಒಬ್ಬರು ರೂಫಸ್ ಕಿಂಗ್, ಇನ್ನೊಬ್ಬರು ಆರನ್ ಬರ್. ಕಿಂಗ್ ಎಣಿಸಿ ಅಂದರು. ಬೇರೆ ಶೆರಿಫ್ ಕೆಲಸಕ್ಕೆ ಬರುವ ತನಕ ಹಳಬನೇ ನಡೆಸಿಕೊಂಡು ಹೋದರೆ, ಆ ಕೆಲಸವನ್ನು ನಂಬಿದ ಜನರ ಮಟ್ಟಿಗೆ ಅದು ಊರ್ಜಿತ ಎಂಬುದು ಅವರ ವಾದದ ತಿರುಳು. ಬರ್ ಆಟ್ಸಿಗೋ ಮತಗಳು ನಡೆಯುವುದಿಲ್ಲ ಅಂದರು. ಸಂವಿಧಾನ ಒಂದು ವರ್ಷ ಅಂತ ಹೇಳಿದ ಮೇಲೆ ವರ್ಷ ಮುಗಿದ ಕೂಡಲೇ ಸ್ಮಿತ್ ಶೆರಿಫ್ ಅಲ್ಲ, ಆ ಪೆಟ್ಟಿಗೆ ಶೆರಿಫ್‌ನಿಂದ ಬಂದದ್ದಲ್ಲ. ಕಿಂಗ್ ಫೆಡರಲಿಸ್ಟ್. ಬರ್ ಆಗ ಯಾವ ಕಡೆ ವಾಲಿದರೆ ತಮಗೆ ಒಳ್ಳೆಯದು ಎಂದು ಲೆಕ್ಕ ಹಾಕುತ್ತಿದ್ದವರು. ಅದೇ ವರ್ಷ ಗವರ್ನರ್ ಸ್ಥಾನಕ್ಕೆ ತಾವೇ ನಿಲ್ಲುವ ಆಸೆಯೂ ಅವರಿಗಿತ್ತು. ಚುನಾವಣೆಯ ನಂತರ ಅವರಿಗೆ ರಾಜ್ಯದ ಮೇಲಿನ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಹುದ್ದೆ ಕೊಡಲು ಮುಂದಾದರು, ಅವರು ಒಪ್ಪಲಿಲ್ಲ.

ಜೂನ್ 12ರಂದು ಸಮಿತಿ ನಿರ್ಧಾರ ಹೇಳಿತು. ಮತ ಹಾಕಿದ ಹನ್ನೊಂದು ಜನರಲ್ಲಿ ಏಳು ಜನ ತಿರಸ್ಕರಿಸಬೇಕು ಅಂದರು, ನಾಲ್ವರು ಎಣಿಸಬೇಕು ಅಂದರು. ಆ ಏಳೂ ಮಂದಿ ಕ್ಲಿಂಟನ್ ಕಡೆಯವರು. ಅವರಲ್ಲಿ ಒಬ್ಬರು ಪಿಯರೆ ವಾನ್ ಕೋರ್ಟ್‌ಲ್ಯಾಂಡ್ ಜೂನಿಯರ್. ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್, ಸ್ಥಾನಕ್ಕೆ ಕ್ಲಿಂಟನ್ ಜೊತೆ ನಿಂತಿದ್ದ ಪಿಯರೆ ವಾನ್ ಕೋರ್ಟ್‌ಲ್ಯಾಂಡ್ ಅವರ ಮಗ. ಅಪ್ಪ ಗೆದ್ದರೋ ಸೋತರೋ ಎಂದು ಹೇಳುವ ಜಾಗದಲ್ಲಿ ಮಗ ಕೂತಿದ್ದ! ಎದುರು ಮತ ಹಾಕಿದ ನಾಲ್ವರಲ್ಲಿ ಸ್ಯಾಮ್ಯುಯೆಲ್ ಜೋನ್ಸ್ ಇದ್ದರು. ರಾಜ್ಯದ ಕಾನೂನುಗಳನ್ನೆಲ್ಲ ಪರಿಷ್ಕರಿಸಿ ಒಟ್ಟುಮಾಡಿದ ಇಬ್ಬರು ವಕೀಲರಲ್ಲಿ ಅವರೂ ಒಬ್ಬರು. ಕಾನೂನನ್ನು ಅಷ್ಟು ಹತ್ತಿರದಿಂದ ಬಲ್ಲವರೇ ಎಣಿಸಿ ಅಂದರು. ಉಳಿದವರು ಅವರ ಮಾತಿಗಾದರೂ ಸ್ವಲ್ಪ ಬೆಲೆ ಕೊಡಬಹುದಿತ್ತು.

ಸುಟ್ಟದ್ದರ ಬಗ್ಗೆ ಕೇಳಿದ್ದೀರಿ. ಎಣಿಕೆ ಮುಗಿದ ಮೇಲೆ ಚೀಟಿಗಳನ್ನು ನಾಶ ಮಾಡಬೇಕು ಎಂದು ಆಗಿನ ಚುನಾವಣಾ ಕಾನೂನೇ ಹೇಳುತ್ತಿತ್ತು. ಯಾರು ಯಾರಿಗೆ ಓಟು ಹಾಕಿದರು ಎಂಬುದು ಕೈಬರಹದಿಂದ ಗೊತ್ತಾಗಬಾರದು ಅನ್ನೋ ದೃಷ್ಟಿಯಿಂದ ನೋಡಿದರೆ ಅದು ಒಳ್ಳೆಯ ನಿಯಮವೇ. ಆದರೆ ಎಣಿಸಿದ ಚೀಟಿಯನ್ನು ಸುಡುವುದು ಬೇರೆ, ಎಣಿಸದ ಚೀಟಿಯನ್ನು ಸುಡುವುದು ಬೇರೆ. ಮೂರು ಕೌಂಟಿಗಳ ಮತಗಳನ್ನು ಎತ್ತಿಟ್ಟಿದ್ದರೆ ಮುಂದೆ ಶಾಸಕಾಂಗವೋ ಇನ್ನಾರೋ ನೋಡಬಹುದಿತ್ತು. ಬೆಂಕಿಗೆ ಹಾಕಿದ ಮೇಲೆ ಮುಗಿಯಿತು. ತಪ್ಪು ತಿದ್ದುವ ದಾರಿಯನ್ನೇ ಮುಚ್ಚಿಬಿಟ್ಟರು. ಇಡೀ ಪ್ರಕರಣದಲ್ಲಿ ನನಗೆ ಸಮಾಧಾನ ಮಾಡಿಕೊಳ್ಳಲಾಗದ ಸಂಗತಿ ಇದೊಂದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆಟ್ಸಿಗೋ ವಿಷಯದಲ್ಲಿ ಕಾನೂನಿನ ಅಕ್ಷರ ಹಿಡಿದರೆ ಬರ್ ಹೇಳಿದ್ದಕ್ಕೂ ಆಧಾರ ಇತ್ತು. ಟಿಯೋಗಾ ಮತ್ತು ಕ್ಲಿಂಟನ್ ಕೌಂಟಿಗಳಲ್ಲಿ ಆ ಆಧಾರವೂ ತೆಳು. ಒಬ್ಬ ಮನುಷ್ಯನಿಗೆ ಜ್ವರ ಬಂತು ಅಂತ ಒಂದು ಕೌಂಟಿಯ ಓಟು ಹೋಗಬೇಕಾ? ಈ ಮೂರರಲ್ಲೂ ಮತದಾರ ಏನೂ ತಪ್ಪು ಮಾಡಿರಲಿಲ್ಲ. ಅವನು ತನ್ನ ಊರಿನ ಅಧಿಕಾರಿಯ ಮುಂದೆ ಚೀಟಿ ಹಾಕಿ ಮನೆಗೆ ಹೋಗಿದ್ದ. ಆಮೇಲೆ ಪೆಟ್ಟಿಗೆ ಯಾರ ಕೈಯಲ್ಲಿ ಹೋಯಿತು ಎಂಬುದು ಅವನ ಹಿಡಿತದಲ್ಲಿ ಇರಲಿಲ್ಲ. ಪೆಟ್ಟಿಗೆಯ ಮೊಹರು ಒಡೆದಿತ್ತು, ಚೀಟಿ ಬದಲಾಗಿತ್ತು ಎಂದು ತೋರಿಸಿದ್ದರೆ ಮಾತು ಬೇರೆ. ಸಮಿತಿಯ ತಿರಸ್ಕಾರ ನಿಂತದ್ದು ಅಂಥ ಆರೋಪದ ಮೇಲೆ ಅಲ್ಲ. ತಂದವನ ಅಧಿಕಾರದ ಪ್ರಶ್ನೆಯ ಮೇಲೆ.

ಇನ್ನೊಂದು ಕಡೆಯನ್ನೂ ನೋಡಬೇಕು. ಶೆರಿಫ್‌ಗಳನ್ನು ನೇಮಿಸುತ್ತಿದ್ದವರು ಯಾರು? ಗವರ್ನರ್ ಮತ್ತು ರಾಜ್ಯ ಶಾಸಕಾಂಗದ ನಾಲ್ವರು ಸೆನೆಟರ್‌ಗಳಿದ್ದ ನೇಮಕಾತಿ ಮಂಡಳಿ. ಅಂದರೆ ಕ್ಲಿಂಟನ್ ಕೂತಿದ್ದ ಮಂಡಳಿ. ಫೆಬ್ರವರಿಯಲ್ಲಿ ಖಾಲಿಯಾದ ಹುದ್ದೆಗೆ ಮಾರ್ಚ್ ಕೊನೆಯ ತನಕ ಹೆಸರು ಬರಲಿಲ್ಲ. ಬೇಕೆಂದೇ ತಡ ಮಾಡಿದರು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಪುರಾವೆ ಇಲ್ಲ. ಆದರೆ ಚುನಾವಣೆಗೆ ನಿಂತವರೇ ಪೆಟ್ಟಿಗೆ ತರುವವನನ್ನು ನೇಮಿಸುವ ಏರ್ಪಾಡು ಮೊದಲಿನಿಂದಲೇ ಸರಿಯಿರಲಿಲ್ಲ. ಆಗಲೇ ಹೇಳಿದ್ದೆನಲ್ಲ, ಆ ಸಂವಿಧಾನ ಬರೆದವರಲ್ಲಿ ಜೇ ಮುಖ್ಯರು ಅಂತ. ಈ ಮಂಡಳಿಯೂ ಅದೇ ಸಂವಿಧಾನದ್ದು.

ಹಾಗಂತ ಆಟ್ಸಿಗೋ ಮತಗಳೆಲ್ಲ ಶುದ್ಧವಾಗಿದ್ದವು ಅಂತಲೂ ಅಲ್ಲ. ಅಲ್ಲಿನ ದೊಡ್ಡ ಕುಳ ವಿಲಿಯಂ ಕೂಪರ್. ಕೂಪರ್ಸ್‌ಟೌನ್ ಕಟ್ಟಿದವರು, ಕೌಂಟಿಯ ನ್ಯಾಯಾಧೀಶರು, ಕಟ್ಟಾ ಫೆಡರಲಿಸ್ಟ್. ಅಲ್ಲಿಗೆ ಬಂದು ನೆಲೆಸಿದ ಎಷ್ಟೋ ಜನ ಅವರಿಂದಲೇ ಸಾಲದ ಮೇಲೆ ಜಮೀನು ತೆಗೆದುಕೊಂಡವರು. ಜೇ ಅವರಿಗೆ ಓಟು ಹಾಕದಿದ್ದರೆ ಸಾಲ ವಸೂಲಿಗೆ ಬರುತ್ತೇನೆ ಎಂದು ಹೆದರಿಸಿದರು, ಓಟಿನ ಹಕ್ಕಿಲ್ಲದವರಿಂದಲೂ ಹಾಕಿಸಿದರು ಎಂದು ದೂರು ಹೋಯಿತು. ಶಾಸಕಾಂಗ ವಿಚಾರಣೆ ನಡೆಸಿ ಕೊನೆಗೆ ದೂರನ್ನು ಕೈಬಿಟ್ಟಿತು. ನನಗೆ ಆ ದೂರಿನಲ್ಲಿ ಸತ್ಯ ಇತ್ತು ಅಂತಲೇ ಅನ್ನಿಸುತ್ತದೆ. ಸಾಲ ಕೊಟ್ಟ ಧಣಿ ಮತಗಟ್ಟೆಯ ಹತ್ತಿರ ನಿಂತರೆ ಸಾಲಗಾರ ಏನು ಮಾಡುತ್ತಾನೆ, ನೀವೇ ಹೇಳಿ. ಆದರೆ ಸಮಿತಿ ಮತಗಳನ್ನು ತಳ್ಳಿದ್ದು ಈ ಕಾರಣಕ್ಕಲ್ಲ ಎಂಬುದನ್ನು ಮರೆಯಬಾರದು.

ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂದರೆ, ಹೋಗಲು ದಾರಿ ಇರಲಿಲ್ಲ. ಸಮಿತಿಯ ಬಹುಮತದ ತೀರ್ಮಾನವೇ ಕೊನೆಯದು ಎಂದು ಕಾನೂನು ಕಟ್ಟಿಹಾಕಿತ್ತು. ಮೇಲ್ಮನವಿ ಇಲ್ಲ. ಮುಂದಿನ ಅಸೆಂಬ್ಲಿ ಈ ವಿಷಯ ಕೈಗೆತ್ತಿಕೊಂಡು, ಸಮಿತಿಯವರು ದುರುದ್ದೇಶದಿಂದ ನಡೆದುಕೊಂಡಿಲ್ಲ ಎಂದು ಬಹುಮತದಿಂದ ಹೇಳಿ ಮುಗಿಸಿತು.

ಕೋರ್ಟಿನ ದಾರಿ ಇಲ್ಲದ್ದರಿಂದ ಜನ ಬೀದಿಗೆ ಬಂದರು. ಊರೂರಲ್ಲಿ ಸಭೆ, ಠರಾವು. ಜೇ ಅವರೇ ಜನ ಆರಿಸಿದ ಗವರ್ನರ್ ಎಂದು ಔತಣಗಳಲ್ಲಿ ಲೋಟ ಎತ್ತಿದರು. ಹೊಸ ಸಂವಿಧಾನ ಸಭೆ ಕರೆಯಬೇಕು ಅಂತಲೂ ಕೂಗೆದ್ದಿತು. ಫೆಡರಲಿಸ್ಟರ ಮುಖಂಡ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಜೇ ಕಡೆಯವರೇ. ಅವರಿಗೂ ಇದು ಅತಿಯಾಯಿತು ಅನ್ನಿಸಿತು. ಒಮ್ಮೆ ಎಬ್ಬಿಸಿದ ಕಾವನ್ನು ನಮಗೆ ಬೇಕಾದಾಗ ತಣಿಸಲಾಗದೆ ಹೋಗಬಹುದು ಎಂಬ ಅರ್ಥದಲ್ಲಿ ಕಿಂಗ್‌ಗೆ ಪತ್ರ ಬರೆದರು. ಎದುರು ಪಾಳಯದ ಮುಖಂಡ ಥಾಮಸ್ ಜೆಫರ್ಸನ್, ಕ್ಲಿಂಟನ್ ಈ ಹುದ್ದೆಯನ್ನು ಬೇಡ ಅನ್ನದಿದ್ದರೆ ಅವರನ್ನು ನ್ಯಾಯವಂತ ಎಂದು ಸಮರ್ಥಿಸೋಕೆ ಆಗುವುದಿಲ್ಲ ಎಂದು ತಮ್ಮ ಜೊತೆಗಾರ ಜೇಮ್ಸ್ ಮ್ಯಾಡಿಸನ್‌ಗೆ ಬರೆದರು. ಕ್ಲಿಂಟನ್ ಬೇಡ ಅನ್ನಲಿಲ್ಲ.

ಈ ಹೊತ್ತಿಗೆ ಜೇ ಎಲ್ಲಿದ್ದರು? ಆಗ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ವರ್ಷದಲ್ಲಿ ಬಹುಕಾಲ ಊರೂರು ಸುತ್ತಿ ಕೋರ್ಟ್ ನಡೆಸಬೇಕಿತ್ತು. ಅವರು ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡ್ ಕಡೆ ಆ ಕೆಲಸದಲ್ಲಿದ್ದರು. ಹೆಂಡತಿ ಸಾರಾ ನ್ಯೂಯಾರ್ಕ್‌ನಿಂದ ವಿಷಯವನ್ನೆಲ್ಲ ಬರೆದು ತಿಳಿಸಿದರು. ಜೇ ಬರೆದ ಉತ್ತರ ಉಳಿದಿದೆ. ಇನ್ನು ಕೆಲವು ವರ್ಷಕ್ಕೆ ನಾವೆಲ್ಲ ಮಣ್ಣಾಗುತ್ತೇವೆ, ಆಗ ರಾಜ್ಯವನ್ನು ಆಳಿದ್ದಕ್ಕಿಂತ ನನ್ನನ್ನು ನಾನು ಆಳಿಕೊಂಡದ್ದೇ ನನಗೆ ದೊಡ್ಡದಾಗಿರುತ್ತದೆ ಎಂದು ಬರೆದರು. ಇದು ಮುದ್ರಣಕ್ಕೆಂದು ಬರೆದ ಮಾತಲ್ಲ, ಹೆಂಡತಿಗೆ ಬರೆದದ್ದು. ಅದಕ್ಕೇ ನಾನು ನಂಬುತ್ತೇನೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಜನ ಸೇರಿ ಸ್ವಾಗತಿಸಿದರು. ಒಂದು ಮಾತು ಆಡಿದ್ದರೆ ಗಲಾಟೆ ಎಲ್ಲಿಗೋ ಹೋಗುತ್ತಿತ್ತು. ಜೇ ಸಮಾಧಾನದ ಮಾತನ್ನೇ ಆಡಿದರು.

ಮೂರು ವರ್ಷ ಕಳೆದು 1795ರಲ್ಲಿ ಕ್ಲಿಂಟನ್ ನಿಲ್ಲಲಿಲ್ಲ. ಜೇ ಆಗ ಬ್ರಿಟನ್ ಜೊತೆ ಒಪ್ಪಂದಕ್ಕೆಂದು ಹೋಗಿದ್ದರು. ಅವರು ದೇಶದಲ್ಲೇ ಇಲ್ಲದಿದ್ದಾಗ ಜನ ಓಟು ಹಾಕಿದರು. 13,481 ಮತ ಬಿತ್ತು, ಎದುರಿಗಿದ್ದ ಯೇಟ್ಸ್‌ಗೆ 11,892. ಮೇ ಕೊನೆಯಲ್ಲಿ ಹಡಗಿನಿಂದ ಇಳಿದಾಗ ಗವರ್ನರ್ ಆಗಿದ್ದರು. ಮುಖ್ಯ ನ್ಯಾಯಮೂರ್ತಿ ಹುದ್ದೆ ಬಿಟ್ಟರು. 1798ರಲ್ಲಿ ಮತ್ತೆ ಗೆದ್ದರು. 1799ರಲ್ಲಿ ಗುಲಾಮಗಿರಿಯನ್ನು ಹಂತ ಹಂತವಾಗಿ ಕೊನೆಗಾಣಿಸುವ ಕಾಯಿದೆಗೆ ಸಹಿ ಹಾಕಿದರು. ಇನ್ನು ಕ್ಲಿಂಟನ್ 1801ರಲ್ಲಿ ಮತ್ತೆ ಗವರ್ನರ್ ಆದರು, ಆಮೇಲೆ ಅಮೆರಿಕದ ಉಪಾಧ್ಯಕ್ಷರಾಗಿ 1812ರಲ್ಲಿ ಆ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು.

ನೀವು ಕೇಳದ ಒಂದು ಸಂಗತಿಯನ್ನೂ ಹೇಳುತ್ತೇನೆ. 1792ರ ಕಥೆ ಓದಿದವರು ಇದನ್ನೂ ಓದಬೇಕು ಅಂತ ನನ್ನ ಆಸೆ. 1800ರ ವಸಂತದಲ್ಲಿ ನ್ಯೂಯಾರ್ಕ್ ಶಾಸಕಾಂಗದ ಚುನಾವಣೆಯಲ್ಲಿ ಜೇ ಅವರ ಪಕ್ಷ ಸೋತಿತು. ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳನ್ನು ಆ ರಾಜ್ಯದಲ್ಲಿ ಶಾಸಕಾಂಗವೇ ಆರಿಸುತ್ತಿದ್ದರಿಂದ, ಜೆಫರ್ಸನ್ ಅಧ್ಯಕ್ಷರಾಗುವುದು ಹೆಚ್ಚುಕಡಿಮೆ ಖಚಿತವಾಯಿತು. ಹ್ಯಾಮಿಲ್ಟನ್ ಮೇ 7ರಂದು ಗವರ್ನರ್ ಜೇ ಅವರಿಗೆ ಪತ್ರ ಬರೆದರು. ಹೊಸ ಶಾಸಕರು ಬರುವ ಮೊದಲೇ ಹಳೆಯ ಶಾಸಕಾಂಗವನ್ನು ತುರ್ತಾಗಿ ಕರೆಯಿರಿ, ಆಯ್ಕೆಯ ನಿಯಮವನ್ನೇ ಬದಲಿಸೋಣ ಎಂದು. ಗವರ್ನರ್‌ಗೆ ಸಭೆ ಕರೆಯುವ ಅಧಿಕಾರ ಇತ್ತು. ಅಕ್ಷರದ ಮಟ್ಟಿಗೆ ಅಡ್ಡಿ ಇರಲಿಲ್ಲ.

ಜೇ ಆ ಪತ್ರದ ಮೇಲೆ ಒಂದು ಸಾಲು ಬರೆದರು: ಪಕ್ಷದ ಉದ್ದೇಶಕ್ಕಾಗಿ ಸೂಚಿಸಿದ ಕ್ರಮ, ಇದನ್ನು ಕೈಗೊಳ್ಳುವುದು ನನಗೆ ಶೋಭಿಸದು ಎಂದು ನನ್ನ ಭಾವನೆ. ಆಮೇಲೆ ಪತ್ರವನ್ನು ಎತ್ತಿಟ್ಟರು. ಶಾಸಕಾಂಗವನ್ನು ಕರೆಯಲಿಲ್ಲ.